ಸೈಕಲ್ ಸವಾರರ ಬಟ್ಟೆ, ರಸ್ತೆಯ ನಡವಳಿಕೆ: ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ರಸ್ತೆಗಳಲ್ಲಿ ಈಗ ಎರಡು ಬಗೆಯ ಸೈಕಲ್ ಸವಾರರಿದ್ದಾರೆ. ಹಾಲಿನ ಕ್ಯಾನು ಕಟ್ಟಿಕೊಂಡವರು, ಗಾರೆ ಕೆಲಸಕ್ಕೆ ಹೊರಟವರು, ಪೇಪರ್ ಹಾಕುವ ಹುಡುಗರು, ಶಾಲೆ ಮಕ್ಕಳು ಒಂದು ಕಡೆ. ಹೆಲ್ಮೆಟ್, ಬಿಗಿ ಚಡ್ಡಿ, ಬಣ್ಣದ ಜೆರ್ಸಿ ಹಾಕಿಕೊಂಡು ನಸುಕಿನಲ್ಲೇ ಸೇಡಂ ರಸ್ತೆ, ಆಳಂದ ರಸ್ತೆ ಹಿಡಿಯುವವರು ಇನ್ನೊಂದು ಕಡೆ. ಮೊದಲನೆಯವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯವರನ್ನು ಎಲ್ಲರೂ ನೋಡಿ ನಗುತ್ತಾರೆ. ಹಾಕಿದ ಬಟ್ಟೆ ಯಾವುದೇ ಇರಲಿ, ರಸ್ತೆಯಲ್ಲಿ ಇಬ್ಬರಿಗೂ ಸಿಗಬೇಕಾದ ಜಾಗ ಒಂದೇ. ಕೆಳಗಿನ ಉತ್ತರಗಳನ್ನೆಲ್ಲ ಇದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಅಷ್ಟು ಬಿಗಿ ಚಡ್ಡಿ ಯಾಕೆ ಹಾಕ್ತಾರೆ? ನೋಡಲಿಕ್ಕೆ ಸರಿ ಕಾಣಲ್ಲ ಅಲ್ವಾ?

ಚರ್ಮ ಕಿತ್ತುಹೋಗದಿರಲಿ ಅಂತ. ನಿಮಿಷಕ್ಕೆ 70 ಸಲ ಪೆಡಲ್ ತುಳಿದರೂ ಒಂದು ತಾಸಿಗೆ ನಾಲ್ಕು ಸಾವಿರ ದಾಟುತ್ತದೆ. ಅಷ್ಟೂ ಸಲ ತೊಡೆ ಸೀಟಿಗೆ ಉಜ್ಜುತ್ತದೆ. ಸಾದಾ ಪ್ಯಾಂಟು ತಿರುಗಿಸಿ ನೋಡಿ: ನಾಲ್ಕೂ ಕಡೆಯ ಹೊಲಿಗೆ ಬಂದು ಸೇರುವುದು ಸರಿಯಾಗಿ ನಾವು ಸೀಟಿನ ಮೇಲೆ ಕೂರುವ ಜಾಗದಲ್ಲಿ. ಬೆವರು, ಧೂಳು, ಹೊಲಿಗೆ ಮೂರೂ ಕೂಡಿದರೆ ನಲವತ್ತು ಐವತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ತೊಡೆಸಂದಿ ಕೆಂಪಾಗುತ್ತದೆ. ಮರುದಿನ ನಡೆಯಲಿಕ್ಕೂ ಆಗುವುದಿಲ್ಲ.

ಸೈಕಲ್ ಚಡ್ಡಿಯಲ್ಲಿ ಆ ಜಾಗದಲ್ಲಿ ಹೊಲಿಗೆ ಬರದಂತೆ ಮೆತ್ತನೆಯ ಪ್ಯಾಡ್ ಇರುತ್ತದೆ. ಬಟ್ಟೆ ಮೈಗೆ ಅಂಟಿಕೊಂಡಿರುವುದರಿಂದ ಮಡಿಕೆ ಬೀಳುವುದಿಲ್ಲ, ಉಜ್ಜುವುದಿಲ್ಲ. ಹಾಗೆ ಹಿಗ್ಗುವ ನೂಲನ್ನು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ 1958ರಲ್ಲಿ ಕಂಡುಹಿಡಿದರು. ಲೈಕ್ರಾ ಎನ್ನುವುದು ಅದರ ಮಾರಾಟದ ಹೆಸರು. ಹೊಸದಾಗಿ ಕೊಂಡವರಿಗೆ ಒಂದು ಮಾತು. ಈ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು. ಹಾಕಿದರೆ ಅದರ ಹೊಲಿಗೆ ಮತ್ತೆ ಅಲ್ಲೇ ಬಂತು. ಪ್ರತಿ ಸಲ ತೊಳೆದು ಬಿಸಿಲಿಗೆ ಒಣಹಾಕಿ.

ಜೆರ್ಸಿಯ ಜೇಬು ಬೆನ್ನಿಗೆ ಇರುವುದಕ್ಕೂ ಕಾರಣ ಇದೆ. ಹ್ಯಾಂಡಲ್ ಹಿಡಿದು ಬಗ್ಗಿದಾಗ ಎದೆಯ ಜೇಬಿನಲ್ಲಿದ್ದ ಫೋನು ಕೆಳಗೆ ಬೀಳುತ್ತದೆ, ಪ್ಯಾಂಟಿನ ಜೇಬಿನಲ್ಲಿದ್ದರೆ ತೊಡೆಗೆ ಒತ್ತುತ್ತದೆ. ಹಿಂದುಗಡೆ ಅಂಗಿ ಸ್ವಲ್ಪ ಉದ್ದ ಇರುವುದು ಬಗ್ಗಿದಾಗ ಸೊಂಟ ಕಾಣಬಾರದು ಅಂತ. ನೋಡಲಿಕ್ಕೆ ಸರಿ ಕಾಣಲ್ಲ ಅನ್ನುವವರಿಗೆ ಇದೂ ಗೊತ್ತಿರಲಿ.

ಸೂಪರ್ ಮಾರ್ಕೆಟ್‌ಗೆ ತರಕಾರಿ ತರಲಿಕ್ಕೂ ಇದೆಲ್ಲ ಬೇಕಾ?

ಬೇಡ. ನಾಲ್ಕೈದು ಕಿಲೋಮೀಟರಿಗೆ ಮೈಮೇಲೆ ಇದ್ದ ಬಟ್ಟೆಯೇ ಸಾಕು. ಸೈಕಲ್ ಹೊಡೆಯಲು ವಿಶೇಷ ಬಟ್ಟೆ ಬೇಕೇ ಬೇಕು ಅಂತ ಹೇಳಿ ಜನರನ್ನು ಹೆದರಿಸುವುದು ನನಗೆ ಹಿಡಿಸುವುದಿಲ್ಲ. ಈ ಊರಲ್ಲಿ ತಲೆಮಾರುಗಳಿಂದ ಪೈಜಾಮ, ಧೋತರ ಉಟ್ಟೇ ಸೈಕಲ್ ಹೊಡೆದಿದ್ದಾರೆ.

ನಮ್ಮ ಬಿಸಿಲಿಗೆ ಯಾವ ಬಟ್ಟೆ ಒಳ್ಳೆಯದು?

ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ದಿನದ ಮಾತು. ಬಿಸಿಲಿನ ಕಾರಣಕ್ಕೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತಾರೆ. ಸೈಕಲ್‌ಗೂ ಅದೇ ಬುದ್ಧಿ ಬೇಕು. ಬೆಳಿಗ್ಗೆ ಎಂಟರೊಳಗೆ ಮನೆ ಸೇರಿ.

ಬಟ್ಟೆಯ ವಿಷಯಕ್ಕೆ ಬಂದರೆ, ಸೈಕಲ್ ಅಂಗಡಿಯವರು ಹತ್ತಿ ಬೇಡ, ಪಾಲಿಯೆಸ್ಟರ್ ಜೆರ್ಸಿಯೇ ಬೇಕು ಅನ್ನುತ್ತಾರೆ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ ಅನ್ನುವುದು ಅವರ ಮಾತು. ಚಳಿ ದೇಶಕ್ಕೆ, ಕರಾವಳಿಯ ತೇವದ ಗಾಳಿಗೆ ಅದು ಸರಿ. ನಮ್ಮದು ಒಣ ಬಿಸಿಲು. ಇಲ್ಲಿ ಒದ್ದೆ ಹತ್ತಿ ಅಂಗಿಗೆ ಗಾಳಿ ತಗುಲಿದರೆ ಬೆವರು ಆರುತ್ತಾ ಮೈ ತಂಪಾಗುತ್ತದೆ. ಸಡಿಲವಾದ, ತೆಳುವಾದ, ಬಿಳಿ ಬಣ್ಣದ, ತುಂಬು ತೋಳಿನ ಹತ್ತಿ ಅಂಗಿಗಿಂತ ಒಳ್ಳೆಯ ಬೇಸಿಗೆ ಬಟ್ಟೆ ನನಗೆ ಗೊತ್ತಿಲ್ಲ. ಹೊಲಕ್ಕೆ ಹೋಗುವ ನಮ್ಮ ಹಿರಿಯರು ಹಾಕುವುದೂ ಅದನ್ನೇ. ಮಳೆಗಾಲದಲ್ಲಿ ಮಾತ್ರ ಬೇಗ ಒಣಗುವ ಜೆರ್ಸಿ ವಾಸಿ.

ಒಣ ಬಿಸಿಲಿನಲ್ಲಿ ಒಂದು ಅಪಾಯ ಇದೆ. ಬೆವರು ಬಂದ ತಕ್ಷಣ ಆರಿಹೋಗುವುದರಿಂದ ಬೆವರಿದ್ದೇ ತಿಳಿಯುವುದಿಲ್ಲ. ಜೆರ್ಸಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಆಗಲೇ ಬಹಳ ನೀರು ಹೋಗಿದೆ ಅಂತ ಅರ್ಥ. ಬಾಯಾರುವ ಮೊದಲೇ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು.

ತಲೆಗೆ ದಪ್ಪ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಇಡಬೇಡಿ. ಹೆಲ್ಮೆಟ್ ಸಡಿಲವಾಗಿ ಕೂರುತ್ತದೆ, ಬಿದ್ದಾಗ ಜಾರುತ್ತದೆ. ತೆಳು ಟೋಪಿ ಸಾಕು. ಟವೆಲ್ ಕುತ್ತಿಗೆಗೆ ಇರಲಿ, ಆದರೆ ತುದಿಗಳನ್ನು ಅಂಗಿಯೊಳಗೆ ಸಿಕ್ಕಿಸಿ.

ಧೋತರ, ಸೀರೆ, ದುಪಟ್ಟಾ, ಬುರ್ಖಾ ಹಾಕಿಕೊಂಡು ಸೈಕಲ್ ಹೊಡೆಯುವುದು ಅಪಾಯವಲ್ಲವಾ?

ಬಟ್ಟೆಯಿಂದ ಅಪಾಯ ಇಲ್ಲ. ಅಪಾಯ ಇರುವುದು ಮುಚ್ಚದ ಚೈನಿನಲ್ಲಿ, ಮುಚ್ಚದ ಗಾಲಿಯಲ್ಲಿ. ಹಳೆಯ ಕರಿ ಸೈಕಲ್‌ಗಳಲ್ಲಿ ಚೈನಿಗೆ ಪೂರ್ತಿ ಕವರ್ ಇರುತ್ತಿತ್ತು, ಎರಡೂ ಗಾಲಿಗೆ ಮಡ್‌ಗಾರ್ಡ್ ಇರುತ್ತಿತ್ತು. ಧೋತರ ಉಟ್ಟವರೂ ಸಲೀಸಾಗಿ ಹೊಡೆಯುತ್ತಿದ್ದರು. ಈಗ ಚಂದ ಕಾಣಲಿ ಅಂತ ಗೇರ್ ಸೈಕಲ್‌ನಲ್ಲಿ ಎಲ್ಲವನ್ನೂ ತೆಗೆದಿದ್ದಾರೆ. ಆಮೇಲೆ ಬಟ್ಟೆಯನ್ನು ದೂರುತ್ತೇವೆ.

ದುಪಟ್ಟಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶಾಲೆ ಹುಡುಗಿಯರು ಇದರಿಂದ ಬೀಳುವುದುಂಟು. ಹೆಗಲ ಮೇಲೆ ಹಾಗೇ ಹಾಕಿಕೊಂಡ ದುಪಟ್ಟಾದ ಒಂದು ತುದಿ ಗಾಳಿಗೆ ಹಿಂದೆ ಹಾರುತ್ತದೆ. ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಕ್ಕರೆ ಒಂದೇ ಸುತ್ತಿನಲ್ಲಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಮಾಡಬೇಕಾದ್ದು ಇಷ್ಟೇ: ದುಪಟ್ಟಾವನ್ನು ಎದೆಯ ಮೇಲೆ ಅಡ್ಡ ಹಾಕಿ, ಎರಡೂ ತುದಿ ಹಿಂದೆ ಒಯ್ದು, ಸೊಂಟದ ಒಂದು ಬದಿಗೆ ಗಂಟು ಹಾಕಿ. ಎರಡು ಕಡೆ ಪಿನ್ ಹಾಕಿದರೆ ಇನ್ನೂ ಒಳ್ಳೆಯದು. ಬುರ್ಖಾದ ಕೆಳಗಿನ ಅಂಚನ್ನು ಮೊಣಕಾಲವರೆಗೆ ಎತ್ತಿ ಒಳಗಿನ ಸಲ್ವಾರಿನ ಮೇಲೆ ಕಟ್ಟಿಕೊಳ್ಳಬಹುದು. ಲುಂಗಿ ಇದ್ದರೆ ಮಡಿಚಿ ಕಟ್ಟಿ. ಪ್ಯಾಂಟಿನವರು ಬಲಗಾಲಿನ ಅಂಚು ಮಡಿಚಿ, ಚೈನು ಇರುವುದು ಆ ಬದಿಗೆ. ಒಂದು ರಬ್ಬರ್ ಬ್ಯಾಂಡ್ ಸಾಕು. ಹಿಂದಿನ ಗಾಲಿಗೆ ಬಲೆ ಹಾಕಿಸುವುದು, ಚೈನಿಗೆ ಕವರ್ ಕೂರಿಸುವುದು ಯಾವ ಸೈಕಲ್ ಅಂಗಡಿಯಲ್ಲಾದರೂ ಆಗುವ ಕೆಲಸ.

ಮಗಳು ದೊಡ್ಡವಳಾದಳು, ಇನ್ನು ಸೈಕಲ್ ಬೇಡ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ. ಏನು ಹೇಳಲಿ?

ಬೇಡ ಅನ್ನಬೇಡಿ ಅಂತ ಕೈಮುಗಿದು ಹೇಳಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಎಂಟನೇ ತರಗತಿಯೇ ಯಾಕೆ? ನಮ್ಮ ಹಳ್ಳಿಗಳಲ್ಲಿ ಏಳನೆಯವರೆಗೆ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ಪಕ್ಕದ ಊರಲ್ಲಿ. ಆ ಮೂರು ನಾಲ್ಕು ಕಿಲೋಮೀಟರ್‌ನಲ್ಲೇ ಹೆಣ್ಣುಮಕ್ಕಳ ಓದು ನಿಲ್ಲುತ್ತಿತ್ತು. ಆಳಂದ, ಚಿಂಚೋಳಿ, ಅಫಜಲಪುರದ ಕಡೆ ಬೆಳಿಗ್ಗೆ ಹೋಗಿ ನೋಡಿ. ಹುಡುಗಿಯರು ಗುಂಪಾಗಿ, ಒಬ್ಬಳ ಕ್ಯಾರಿಯರ್ ಮೇಲೆ ಇನ್ನೊಬ್ಬಳು ಕೂತು, ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಹೈಸ್ಕೂಲಿಗೆ ಹೋಗುತ್ತಿರುತ್ತಾರೆ.

ಮಗಳ ಬಟ್ಟೆ ಬಗ್ಗೆ ಯಾರಾದರೂ ಮಾತಾಡಿದರೆ, ತಪ್ಪು ಮಾತಾಡಿದವನದು. ಆ ತಪ್ಪಿಗೆ ಮಗಳ ಸೈಕಲ್ ಕಸಿದುಕೊಂಡರೆ ಶಿಕ್ಷೆ ಆಕೆಗೆ ಆದಂತೆ. ದಾರಿಯಲ್ಲಿ ಯಾರಾದರೂ ಹಿಂದೆ ಬಿದ್ದರೆ 112ಕ್ಕೆ ಫೋನ್ ಮಾಡಬಹುದು. ಇಬ್ಬರು ಮೂವರು ಹುಡುಗಿಯರು ಕೂಡಿ ಹೋಗುವಂತೆ ಓಣಿಯ ತಾಯಂದಿರು ಮಾತಾಡಿಕೊಳ್ಳಬಹುದು. ಇದಕ್ಕೆಲ್ಲ ದಾರಿ ಇದೆ.

ಚಡ್ಡಿ ಹಾಕಿಕೊಂಡು ಗುಡಿ, ದರ್ಗಾ, ಹಳ್ಳಿ ಒಳಗೆ ಹೋಗಬಹುದಾ?

ರಸ್ತೆಯಲ್ಲಿ ಹಾದುಹೋಗಲು ಯಾರ ಅಪ್ಪಣೆಯೂ ಬೇಡ. ಇಳಿದು ಒಳಗೆ ಹೋಗುವುದಾದರೆ ಮೈ ಮುಚ್ಚಿಕೊಳ್ಳಿ. ಶರಣಬಸವೇಶ್ವರ ಗುಡಿಗೆ, ಖಾಜಾ ಬಂದೇ ನವಾಜ್ ದರ್ಗಾಕ್ಕೆ, ಬುದ್ಧ ವಿಹಾರಕ್ಕೆ, ಗಾಣಗಾಪುರಕ್ಕೆ ಸೈಕಲ್ ಮೇಲೆ ಹೋಗುವವರು ಬಹಳ ಜನ ಇದ್ದಾರೆ. ಒಂದು ತೆಳು ಲುಂಗಿಯೋ ಪೈಜಾಮವೋ ಮಡಿಚಿ ಬೆನ್ನಿನ ಜೇಬಿನಲ್ಲಿ ಇಟ್ಟುಕೊಂಡರೆ ಭಾರ ಆಗುವುದಿಲ್ಲ. ಹಳ್ಳಿಯ ಕಟ್ಟೆ ಮೇಲೆ ಹಿರಿಯರು, ಹೆಣ್ಣುಮಕ್ಕಳು ಕೂತಿರುವಾಗ ಚಹಾಕ್ಕೆ ನಿಂತರೂ ಅದನ್ನು ಸುತ್ತಿಕೊಳ್ಳಿ. ನಮ್ಮ ಅನುಕೂಲದ ಜೊತೆಗೆ ಅವರ ಮುಜುಗರವನ್ನೂ ನೋಡಬೇಕು.

ಬಟ್ಟೆ ನೋಡಿ ಚೇಷ್ಟೆ ಮಾಡಿದರೆ ಏನು ಹೇಳಬೇಕು?

ನಕ್ಕು ಉತ್ತರ ಕೊಡಿ, ಸಿಟ್ಟಿಗೇಳಬೇಡಿ. ನಮ್ಮ ಜನ ಕೇಳುವುದು ಹೆಚ್ಚಾಗಿ ಕುತೂಹಲಕ್ಕೆ. ಆಳಂದ ರಸ್ತೆಯ ಒಂದು ಚಹಾ ಅಂಗಡಿಯಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ತಮ್ಮಾ, ಪ್ಯಾಂಟ್ ಹಾಕ್ಕೊಳ್ಳೋದ ಮರ್ತಿಯೇನು?" ಅಂದರು. ಅಂಗಡಿಯವರೆಲ್ಲ ನಕ್ಕರು. ಚೀಲದಲ್ಲಿ ಇನ್ನೊಂದು ಒಗೆದ ಚಡ್ಡಿ ಇತ್ತು. ತೆಗೆದು ಅವರ ಕೈಗೆ ಕೊಟ್ಟು, "ಕಾಕಾ, ಒಳಗ ಕೈ ಹಾಕಿ ನೋಡ್ರಿ" ಅಂದೆ. ಹೆಬ್ಬೆರಳಿನಿಂದ ಪ್ಯಾಡನ್ನು ಒತ್ತಿ ಒತ್ತಿ ನೋಡಿದರು. "ಗಾದಿ ಹಾಕ್ಯಾರಲ್ಲೋ ಇದರಾಗ!" ಅಂತ ಪಕ್ಕದವರಿಗೆ ಕೊಟ್ಟರು. ಅವರು ಒತ್ತಿ ನೋಡಿ, "ಎಟ್ಟ ರೊಕ್ಕ ಬಿತ್ತು?" ಅಂತ ಕೇಳಿದರು. ಆಮೇಲೆ ಮಾತು ಎತ್ತು ಬಂಡಿಯಲ್ಲಿ ತೊಗರಿ ಹೇರಿಕೊಂಡು ರಾತ್ರಿಯೆಲ್ಲ ಕಲಬುರಗಿಗೆ ಬರುತ್ತಿದ್ದ ಕಾಲಕ್ಕೆ ಹೋಯಿತು. ಬಂಡಿಯಲ್ಲಿ ಕೂರಲು ಹುಲ್ಲಿನ ಮೇಲೆ ಕಂಬಳಿ ಹಾಸುತ್ತಿದ್ದರಂತೆ. ಬಿಗಿ ಚಡ್ಡಿಯ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ.

ಹೆಣ್ಣುಮಕ್ಕಳ ಮೇಲೆ ಬೀಳುವ ಮಾತುಗಳು ಬೇರೆ. ಅದು ಕುತೂಹಲ ಅಲ್ಲ. ಅಲ್ಲಿ ನಗಬೇಕಾದ ಕೆಲಸವಿಲ್ಲ, ದೂರು ಕೊಡಬಹುದು.

ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಾ?

ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಮೋಟಾರ್ ಸೈಕಲ್‌ಗೆ ಮಾತ್ರ. ಆದರೂ ವೇಗವಾಗಿ ಹೋಗುವವರು, ಹೆದ್ದಾರಿಗೆ ಹೋಗುವವರು ಹಾಕಿಕೊಳ್ಳಿ. ಒಳಗೆ ಯೂರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಎಂಬ ಸುರಕ್ಷತಾ ಮಾನದಂಡದ ಗುರುತಿರುವ ಚೀಟಿ ಇದೆಯಾ ನೋಡಿ ಕೊಳ್ಳಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಒಂದು ಸಲ ಗಟ್ಟಿಯಾಗಿ ಬಿದ್ದರೆ ಒಳಗಿನ ಥರ್ಮಾಕೋಲಿನಂಥ ಪದರ ಅದುಮಿ ಹೋಗಿರುತ್ತದೆ. ಹೊರಗೆ ಚೆನ್ನಾಗೇ ಕಂಡರೂ ಬದಲಾಯಿಸಿ.

ಹಾಲಿನವರಿಗೆ, ಕೂಲಿಗೆ ಹೋಗುವವರಿಗೆ ಹೆಲ್ಮೆಟ್ ಇಲ್ಲ ಅಂತ ಯಾರೂ ಬುದ್ಧಿ ಹೇಳಬೇಕಿಲ್ಲ. ಒಂದೊಂದು ಹೆಲ್ಮೆಟ್ಟಿನ ಬೆಲೆ ಅವರ ಎರಡು ಮೂರು ದಿನದ ಕೂಲಿ.

ಹೊಳೆಯುವ ಜಾಕೆಟ್, ಹೆಲ್ಮೆಟ್ ಹಾಕಿದರೆ ಗಾಡಿಯವರು ದೂರ ಹೋಗ್ತಾರಾ?

ಎಲ್ಲರೂ ಹೌದು ಅಂತಲೇ ನಂಬಿರುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆಗ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಇಯಾನ್ ವಾಕರ್ ತಮ್ಮ ಸೈಕಲ್‌ಗೆ ದೂರ ಅಳೆಯುವ ಯಂತ್ರ ಕಟ್ಟಿ ಓಡಾಡಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹೆಲ್ಮೆಟ್ ಹಾಕಿದಾಗ ಗಾಡಿಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ದಾಟಿದವು. ಉದ್ದ ಕೂದಲಿನ ವಿಗ್ ಹಾಕಿ ಹೆಂಗಸಿನಂತೆ ಕಂಡಾಗ ಹೆಚ್ಚು ಜಾಗ ಬಿಟ್ಟವು. ಇವನಿಗೆ ಅನುಭವ ಇದೆ, ನಿಭಾಯಿಸುತ್ತಾನೆ ಅಂತ ಬಟ್ಟೆ ನೋಡಿಯೇ ಚಾಲಕರು ಅಂದಾಜು ಹಾಕಿಬಿಡುತ್ತಾರೆ ಅನ್ನುವುದು ಅವರ ಊಹೆ. ಮುಂದೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಏಳು ಬಗೆಯ ಉಡುಪು ಹಾಕಿ ನೋಡಿದರು. ಪೊಲೀಸ್ ಅಂತ ಬರೆದು, ವಿಡಿಯೋ ಆಗುತ್ತಿದೆ ಎಂಬ ಸೂಚನೆಯಿದ್ದ ಜಾಕೆಟ್ ಒಂದಕ್ಕೆ ಮಾತ್ರ ಜನ ಸ್ವಲ್ಪ ದೂರ ಸರಿದರು. ಉಳಿದ ಬಟ್ಟೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಏನೇ ಹಾಕಿದರೂ ನೂರಕ್ಕೆ ಒಬ್ಬಿಬ್ಬರು ಅರ್ಧ ಮೀಟರಿಗಿಂತ ಹತ್ತಿರವೇ ಬಂದರು.

ಹಾಗಾದರೆ ಹಳದಿ ಜಾಕೆಟ್ ಸುಮ್ನೆಯಾ? ಅಲ್ಲ. ಡೆನ್ಮಾರ್ಕ್‌ನಲ್ಲಿ 6,793 ಸೈಕಲ್ ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳದಿ ಜಾಕೆಟ್ ಕೊಟ್ಟು ವರ್ಷವಿಡೀ ನೋಡಿದರು. ಬೇರೆಯವರಿಗೆ ಡಿಕ್ಕಿಯಾಗಿ ಗಾಯಗೊಳ್ಳುವ ಅಪಘಾತಗಳು ಜಾಕೆಟ್ ಗುಂಪಿನಲ್ಲಿ ಶೇಕಡಾ 47 ಕಡಿಮೆ ಇದ್ದವು. ಲೆಕ್ಕದಲ್ಲಿ ಆಗಿರಬಹುದಾದ ಓರೆಕೋರೆ ಸರಿಪಡಿಸಿದ ಮೇಲೂ ಶೇಕಡಾ 38 ಕಡಿಮೆ.

ಎರಡೂ ನಿಜ ಅಂತ ನನಗೆ ಅನಿಸುತ್ತದೆ. ನಿಮ್ಮನ್ನು ನೋಡದೆ ಬರುವವನಿಗೆ ಜಾಕೆಟ್ ನಿಮ್ಮನ್ನು ತೋರಿಸುತ್ತದೆ. ನೋಡಿಯೂ ಲೆಕ್ಕಕ್ಕಿಡದವನನ್ನು ಯಾವ ಜಾಕೆಟ್ಟೂ ಬದಲಾಯಿಸುವುದಿಲ್ಲ. ಅಲ್ಲಿ ಬದಲಾಗಬೇಕಾದವನು ಸ್ಟೀರಿಂಗ್ ಹಿಡಿದವನೇ.

ರಾತ್ರಿ, ನಸುಕಿನಲ್ಲಿ ಏನು ಮಾಡಬೇಕು?

ಹಳದಿ, ಕೇಸರಿ ಬಣ್ಣ ಹಗಲಲ್ಲಿ ಎದ್ದು ಕಾಣುತ್ತದೆ. ಕತ್ತಲಲ್ಲಿ ಅದಕ್ಕೆ ಬೆಲೆ ಇಲ್ಲ, ಬೆಳಕು ತಿರುಗಿ ಹೊಡೆಯುವ ರೇಡಿಯಂ ಪಟ್ಟಿಯೇ ಬೇಕು. ಅದರಲ್ಲೂ ಪಾದದ ಗಂಟಿಗೆ, ಮೊಣಕಾಲಿಗೆ ಕಟ್ಟಿದ ಪಟ್ಟಿ ಬಹಳ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಕಾಲು ಮೇಲೆ ಕೆಳಗೆ ಆಡುವಾಗ ಪಟ್ಟಿಯೂ ಆಡುತ್ತದೆ. ಅಲ್ಲಿರುವುದು ಕಲ್ಲೋ ಫಲಕವೋ ಅಲ್ಲ, ಮನುಷ್ಯ ಅಂತ ಚಾಲಕನಿಗೆ ದೂರದಿಂದಲೇ ಹೊಳೆಯುತ್ತದೆ. ಬೈಕಿಗೆ ಸ್ಟಿಕ್ಕರ್ ಅಂಟಿಸುವವರ ಬಳಿ ರೇಡಿಯಂ ಪಟ್ಟಿ ಸಿಗುತ್ತದೆ. ಪೆಡಲ್‌ಗೂ ಅಂಟಿಸಿ. ಹೊಸ ಸೈಕಲ್‌ಗಳಿಗೆ ಗುಣಮಟ್ಟದ ರಿಫ್ಲೆಕ್ಟರ್ ಇರಲೇಬೇಕು ಅಂತ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಮಾಡಿದೆ. ಅಂಗಡಿಯಲ್ಲಿ ಕೇಳಿ ಹಾಕಿಸಿಕೊಳ್ಳಿ, ಬಿಚ್ಚಿಸಬೇಡಿ.

ಕಬ್ಬು ಕಡಿಯುವ ಕಾಲದಲ್ಲಿ ಆಳಂದ, ಅಫಜಲಪುರ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತವೆ. ಕತ್ತಲಿರುವಾಗ ಆ ರಸ್ತೆಗೆ ಹೋಗಲೇಬೇಡಿ ಅನ್ನುವುದು ನನ್ನ ಸಲಹೆ.

ಸೈಕಲ್‌ನವರನ್ನು ಕಂಡರೆ ಗಾಡಿಯವರಿಗೆ ಅಷ್ಟು ಸಿಟ್ಟು ಯಾಕೆ?

2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಇದಕ್ಕೆ ಹತ್ತಿರದ ಪ್ರಶ್ನೆ ಕೇಳಿತು. ಸೈಕಲ್ ಸವಾರರ ಚಿತ್ರಗಳನ್ನು, ಹೆಲ್ಮೆಟ್ ಇದ್ದದ್ದು ಇಲ್ಲದ್ದು, ಜಾಕೆಟ್ ಇದ್ದದ್ದು ಇಲ್ಲದ್ದು, ಜನರಿಗೆ ತೋರಿಸಿದರು. ಹೆಲ್ಮೆಟ್ ಅಥವಾ ಹೊಳೆಯುವ ಜಾಕೆಟ್ ಹಾಕಿದವರು, ಅವೆರಡೂ ಇಲ್ಲದವರಿಗಿಂತ, ಮನುಷ್ಯರಂತೆ ಕಡಿಮೆ ಕಂಡರು. ಜೀವ ಉಳಿಸಲು ಹಾಕಿಕೊಂಡ ಬಟ್ಟೆಯೇ ಹೀಗೆ ಮಾಡಿದ್ದು ಓದಿ ನನಗೆ ಬಹಳ ನೋವಾಯಿತು.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಸೈಕಲ್ ಅಂದರೆ ಬಡವನ ಗಾಡಿ ಅನ್ನುವ ಭಾವನೆ. ಹರಕು ಅಂಗಿಯವರಿಗೆ ಹಾರ್ನ್ ಹೊಡೆದು ಬೈದು ಹೋಗುವ ಅದೇ ಕಾರಿನವರು, ಬೆಲೆಬಾಳುವ ಸೈಕಲ್‌ನವರ ಪಕ್ಕ ನಿಧಾನ ಮಾಡಿ ಗಾಜು ಇಳಿಸಿ "ಎಷ್ಟು ಸರ್ ಇದು?" ಅಂತ ಕೇಳುತ್ತಾರೆ. ಇಬ್ಬರಿಗೂ ಬೆನ್ನುಮೂಳೆ ಇರುವುದು ಒಂದೇ. ಇಬ್ಬರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಸವಾರರು ಮಾಡಬಹುದಾದ ಒಂದು ಕೆಲಸ ಇದೆ. ಮುಖ ತೋರಿಸಿ. ಅನ್ನಪೂರ್ಣ ಕ್ರಾಸ್, ಜಗತ್ ಸರ್ಕಲ್‌ನಂಥ ಜಾಗದಲ್ಲಿ ತಿರುಗುವ ಮುಂಚೆ ಹಿಂದೆ ತಿರುಗಿ ಚಾಲಕನ ಕಣ್ಣು ನೋಡಿ, ಕೈ ತೋರಿಸಿ. ದಾರಿ ಬಿಟ್ಟವರಿಗೆ ಕೈ ಎತ್ತಿ.

ಸೈಕಲ್‌ನವರು ರಸ್ತೆ ತೆರಿಗೆ ಕಟ್ಟಲ್ಲ, ಅವರಿಗೆ ಹಕ್ಕು ಎಲ್ಲಿಂದ ಬಂತು?

ರಸ್ತೆ ಆಗುವುದು ಎಲ್ಲರ ತೆರಿಗೆ ಹಣದಲ್ಲಿ. ಕಾರಿಗೆ ಕಟ್ಟುವುದು ಮೋಟಾರು ವಾಹನದ ಮೇಲಿನ ತೆರಿಗೆ. ಅದರಿಂದ ರಸ್ತೆ ಯಾರ ಹೆಸರಿಗೂ ಖರೀದಿ ಆಗುವುದಿಲ್ಲ. ಸೈಕಲ್ ಕೊಂಡವರೂ ಜಿಎಸ್‌ಟಿ ಕಟ್ಟುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅದು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಹಿಂದೆ ಊರೂರಲ್ಲಿ ಸೈಕಲ್‌ಗೂ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದರು, ಹಿರಿಯರನ್ನು ಕೇಳಿದರೆ ನೆನಪು ಮಾಡಿಕೊಳ್ಳುತ್ತಾರೆ.

ಅಂಚಿಗೆ ಹೋಗುವುದು ಬಿಟ್ಟು ರಸ್ತೆ ಒಳಗೆ ಯಾಕೆ ಬರ್ತಾರೆ?

ಅಂಚಿನಲ್ಲಿ ಏನಿದೆ ಅಂತ ಒಮ್ಮೆ ಇಳಿದು ನೋಡಿ. ಮರಳು, ಒಡೆದ ಗಾಜು, ಡಾಂಬರು ಕಿತ್ತ ತುದಿ, ಚರಂಡಿಯ ಬಾಯಿ. ರಸ್ತೆಬದಿಯ ಬಳ್ಳಾರಿ ಜಾಲಿ ಕಡಿದಾಗ ಬಿದ್ದ ಮುಳ್ಳು ಎರಡು ಟ್ಯೂಬ್ ದಾಟುವಷ್ಟು ಗಟ್ಟಿ. ಊರೊಳಗೆ ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ಊರ ಹೊರಗೆ ಮಳೆಯಾದ ಮೇಲೆ ಎರೆ ಮಣ್ಣಿಗೆ ಇಳಿದರಂತೂ ಕತೆ ಮುಗಿಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿ ತಿರುಗುವುದೇ ಇಲ್ಲ. ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು.

ಅದಕ್ಕೇ ಸವಾರರು ಅಂಚಿನಿಂದ ಒಂದು ಮೊಳ, ಎರಡು ಮೊಳ ಒಳಗೆ ನೇರವಾಗಿ ಹೋಗುತ್ತಾರೆ, ಹಾಗೇ ಹೋಗಬೇಕು. ಗಾಡಿಯವರು ದಾಟುವಾಗ ಕನಿಷ್ಠ ಚಾಚಿದ ಒಂದು ಕೈಯಷ್ಟು ಜಾಗ ಬಿಡಿ. ಫ್ರಾನ್ಸ್‌ನಲ್ಲಿ ಊರೊಳಗೆ 1 ಮೀಟರ್, ಊರ ಹೊರಗೆ 1.5 ಮೀಟರ್ ಅಂತ ನಿಯಮವೇ ಇದೆ. ಸೇಡಂ, ಶಹಾಬಾದ್ ಕಡೆಯ ಸಿಮೆಂಟ್ ಲಾರಿ, ಫರಸಿ ಕಲ್ಲಿನ ಲಾರಿ ಓಡಿಸುವ ಅಣ್ಣಂದಿರಿಗೆ ಮುಖ್ಯವಾಗಿ ಈ ಮಾತು. ನಿಮ್ಮ ಲಾರಿಯ ಗಾಳಿ ಸೈಕಲ್ಲನ್ನು ಮೊದಲು ಹೊರಗೆ ತಳ್ಳುತ್ತದೆ, ಲಾರಿ ದಾಟುತ್ತಿದ್ದಂತೆ ಒಳಗೆ ಎಳೆಯುತ್ತದೆ. ಗಾಲಿ ತಗುಲದಿದ್ದರೂ ಮನುಷ್ಯ ಬೀಳುತ್ತಾನೆ.

ಇಬ್ಬರು ಜೋಡಿಯಾಗಿ ಮಾತಾಡುತ್ತಾ ಹೋಗುವುದು ಸರಿಯಾ?

ಖಾಲಿ ರಸ್ತೆಯಲ್ಲಿ ಪರವಾಗಿಲ್ಲ. ಹಿಂದೆ ಗಾಡಿ ಬಂದರೆ ಒಂದೇ ಸಾಲಾಗಿ. ಮೂವರು ನಾಲ್ವರು ಅಡ್ಡಡ್ಡ ಹೋಗುವುದು ಎಲ್ಲಿಯೂ ಸರಿಯಲ್ಲ.

ಸೈಕಲ್‌ನವರು ಸಿಗ್ನಲ್ ನೋಡಲ್ಲ, ರಾಂಗ್ ಸೈಡ್ ಬರ್ತಾರೆ. ಇದಕ್ಕೇನಂತೀರಿ?

ತಪ್ಪು ಅಂತೀನಿ. ಈ ದೂರು ನ್ಯಾಯವಾದದ್ದು. ರಿಂಗ್ ರೋಡಿನಲ್ಲಿ ಡಿವೈಡರ್ ತಿರುವು ದೂರ ಇದೆ ಅಂತ ಎದುರು ಬರುವುದು ಬಹಳ ನಡೆಯುತ್ತದೆ. ಲೆಕ್ಕ ಹಾಕಿ: ನಿಮ್ಮ ವೇಗ 20, ಎದುರಿನ ಬೈಕಿನದು 50. ಒಂದೇ ದಿಕ್ಕಿನಲ್ಲಿದ್ದರೆ ವ್ಯತ್ಯಾಸ 30, ಎದುರಾದರೆ 70. ಯೋಚಿಸಲು ಸಿಗುವ ಹೊತ್ತು ಅರ್ಧಕ್ಕಿಂತ ಕಡಿಮೆ. ತಿರುವು ದೂರವಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಸಿಗ್ನಲ್ ಕೆಂಪು ಇದ್ದರೆ ನಿಲ್ಲಿ, ನೋಡಲಿಕ್ಕೆ ಪೊಲೀಸರು ಇರಲಿ ಬಿಡಲಿ. ಬೆಲ್ ಇಲ್ಲದ, ಬ್ರೇಕ್ ಹಿಡಿಯದ ಸೈಕಲ್ ರಸ್ತೆಗೆ ತರಬೇಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಬಟ್ಟೆಗೆಲ್ಲ ಇಷ್ಟು ಖರ್ಚು ಮಾಡಿ, ಹತ್ತಾರು ರೂಪಾಯಿಯ ಬೆಲ್ ಕಿತ್ತು ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮುಂದೆ ನಡೆದು ಹೋಗುವ ಅಜ್ಜಿಗೆ ನೀವು ಬರುತ್ತಿರುವುದು ತಿಳಿಯಬೇಕು. ಕೂಗುವುದಾದರೆ "ಅಮ್ಮಾ, ಜರಾ ಬಾಜೂಕ ಬರ್ರಿ" ಅಂತ ಮೆಲ್ಲಗೆ ಕೂಗಿ.

ಕಾರಿನಲ್ಲಿದ್ದಾಗ ಸೈಕಲ್ ಕಂಡರೆ ಹಾರ್ನ್ ಹೊಡೆಯಬೇಕಾ?

ದೂರದಿಂದ ಒಮ್ಮೆ, ಸಣ್ಣಗೆ. ಬೆನ್ನ ಹಿಂದೆಯೇ ಬಂದು ಜೋರಾಗಿ ಹೊಡೆದರೆ ಸವಾರ ಬೆಚ್ಚಿ ಹ್ಯಾಂಡಲ್ ಅಲುಗಾಡಿಸುತ್ತಾನೆ. ಶಾಲೆ ಬಿಡುವ ಹೊತ್ತಿನಲ್ಲಿ ಹಾರ್ನ್ ಬಿಟ್ಟು ವೇಗ ಇಳಿಸಿ. ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವಯಸ್ಸಾದವರ ಬಗ್ಗೆ ವಿಶೇಷ ಎಚ್ಚರ ವಹಿಸುವುದು ಚಾಲಕರ ಕರ್ತವ್ಯ ಅಂತ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ.

ಗಾಡಿ ಗುದ್ದಿದರೆ ಏನು ಮಾಡಬೇಕು? ಹೆಲ್ಮೆಟ್ ಇಲ್ಲದಿದ್ದರೆ ಪರಿಹಾರ ಸಿಗಲ್ವಾ?

ಮೊದಲು 108ಕ್ಕೆ, 112ಕ್ಕೆ ಫೋನ್. ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಏರ್ಪಾಡು ಮಾಡಬೇಕು, ಇದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ. ಒಳ್ಳೆಯ ಮನಸ್ಸಿನಿಂದ ಸಹಾಯಕ್ಕೆ ಬಂದ ದಾರಿಹೋಕರಿಗೆ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆದರಿ ದೂರ ನಿಲ್ಲಬೇಡಿ.

ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವೇ ಇಲ್ಲದಿರುವಾಗ, ಅದಿಲ್ಲ ಅಂತ ಯಾರಾದರೂ ದೂರು ಬರೆದುಕೊಳ್ಳದೆ ಕಳಿಸಿದರೆ ಒಪ್ಪಬೇಡಿ. ಲುಂಗಿಯಲ್ಲಿದ್ದಿರೋ ಜೆರ್ಸಿಯಲ್ಲಿದ್ದಿರೋ ಅನ್ನುವುದಕ್ಕೂ ಎಫ್‌ಐಆರ್‌ಗೂ ಸಂಬಂಧ ಇಲ್ಲ. ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆರು ತಿಂಗಳೊಳಗೆ ಹಾಕಿಬಿಡಿ. ಗುದ್ದಿದ ಗಾಡಿ ಯಾವುದು ಅಂತ ಪತ್ತೆಯೇ ಆಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಕೂಲಿಕಾರರ ಮನೆಯವರು ಅರ್ಜಿಯನ್ನೇ ಹಾಕುವುದಿಲ್ಲ. ನಿಮಗೆ ತಿಳಿದವರಿಗೆ ಹೇಳಿ.

ಜಾಗದ ಫೋಟೋ, ಗಾಡಿ ನಂಬರ್, ಕಂಡವರ ಫೋನ್ ನಂಬರ್ ತೆಗೆದುಕೊಳ್ಳಿ. ಆಸ್ಪತ್ರೆಯ ಚೀಟಿಗಳನ್ನೆಲ್ಲ ಜೋಡಿಸಿಡಿ. ಸೈಕಲ್ ರಿಪೇರಿಗೆ ಕೊಡುವ ಮುಂಚೆ ಎಲ್ಲ ಬದಿಯಿಂದಲೂ ಫೋಟೋ ತೆಗೆಯಿರಿ. ಹರಿದ ಬಟ್ಟೆ, ಒಡೆದ ಹೆಲ್ಮೆಟ್ ಎಸೆಯಬೇಡಿ, ತೊಳೆಯಲೂ ಬೇಡಿ. ಕೇಸು ಮುಗಿಯುವವರೆಗೆ ಹಾಗೇ ಚೀಲದಲ್ಲಿ ಕಟ್ಟಿಡಿ.